ತಲೆನೋವು ತಾನೆ!

ನಮ್ಮ ಭಾಷೆಯಲ್ಲಿ ತಲೆನೋವಿಗೆ ಮರ್ಯಾದೆಯೇ ಇಲ್ಲ. ಬಾಡಿಗೆ ಸರಿಯಾಗಿ ಕೊಡದ ಕೆಳಮನೆಯವನು ಒಂದು ತಲೆನೋವು. ಕೆಟ್ಟು ನಿಂತ ಸ್ಕೂಟರ್ ಒಂದು ತಲೆನೋವು. ಮದುವೆಯಾಗದ ಮಗಳು ತಲೆನೋವು, ಮದುವೆಯಾಗಿ ತವರಿಗೆ ವಾಪಸು ಬಂದ ಮಗಳು ಇನ್ನೂ ದೊಡ್ಡ ತಲೆನೋವು. 'ಅವನೊಂದು ಕಾಮಾಲೆ' ಎಂದು ಯಾರಾದರೂ ಬೈದದ್ದನ್ನು ನೀವು ಕೇಳಿದ್ದೀರಾ? ಎದೆನೋವು ಎಂದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ, ಬಾಗಿಲಿಗೆ ಆಟೋ ಬರುತ್ತದೆ, ಪರದೇಶದಲ್ಲಿರುವ ಮಗನಿಗೆ ಫೋನು ಹೋಗುತ್ತದೆ. ತಲೆನೋವು ಎಂದರೆ ಕೂತಲ್ಲಿಂದಲೇ ಒಂದು ಮಾತು ಬರುತ್ತದೆ: "ತಲೆನೋವು ತಾನೆ? ಒಂದು ಲೋಟ ಕಾಫಿ ಕುಡಿ, ಹೋಗುತ್ತೆ." ಆ ಕಾಫಿಯನ್ನೂ ತಲೆನೋವಿನವಳೇ ಮಾಡಿಕೊಳ್ಳಬೇಕು. ಮಾಡುವಾಗ, ಹಾಗೆ ಹೇಳಿದವರಿಗೂ ಅರ್ಧ ಲೋಟ ಜಾಸ್ತಿ ಮಾಡಬೇಕು.

ಈ 'ತಾನೆ' ಎಂಬ ಎರಡಕ್ಷರದ ಮೇಲೆ ನನಗೆ ನಲವತ್ತು ವರ್ಷದ ಸಿಟ್ಟಿದೆ. ಇವತ್ತು ಅದನ್ನು ಇಳಿಸಿಕೊಳ್ಳಲೆಂದೇ ಕೂತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಕೆಳಗಿನ ಒಂದು ಅಡ್ಡರಸ್ತೆಯಲ್ಲಿ. ಮನೆಯಲ್ಲಿ ಹನ್ನೊಂದು ಜನ. ಅಮ್ಮನಿಗೆ ತಿಂಗಳಿಗೊಮ್ಮೆ, ಕೆಲವು ತಿಂಗಳು ಎರಡು ಸಲ, ತಲೆನೋವು ಬರುತ್ತಿತ್ತು. ಹಳೆಯ ನೂಲಿನ ಸೀರೆಯ ಅಂಚನ್ನು ಹರಿದು ಹಣೆಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಒಂದು ಕಣ್ಣು ಸಣ್ಣಗಾಗುತ್ತಿತ್ತು. ಬಚ್ಚಲಿಗೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು ಬಂದು, ಒಗ್ಗರಣೆಯ ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಹಳದಿ ನೀರು ವಾಂತಿಯಾಗುತ್ತಿದ್ದುದರಿಂದ ಅದಕ್ಕೆ ನಮ್ಮ ಮನೆಯಲ್ಲಿ 'ಪಿತ್ತ' ಎಂದು ಹೆಸರು. ನಿಂಬೆಹಣ್ಣಿನ ಪಾನಕ, ಜೀರಿಗೆ ಕಷಾಯ, ಅಮೃತಾಂಜನ, ಕೊನೆಗೆ ಅಜ್ಜಿಯ ಕೈಯಿಂದ ಉಪ್ಪು ಮೆಣಸಿನಕಾಯಿಯ ದೃಷ್ಟಿ. ಇಷ್ಟಾದ ಮೇಲೂ ಹೋಗದಿದ್ದರೆ ಅದು ಅಮ್ಮನ ತಪ್ಪು.

ಅಮ್ಮನಿಗೆ ಹಗಲು ಹೊತ್ತು ಮಲಗಲು ಸಿಗುತ್ತಿದ್ದುದು ತಿಂಗಳಲ್ಲಿ ಮೂರೇ ದಿನ, ಹೊರಗೆ ಕೂತಾಗ. ಆ ಪದ್ಧತಿಯನ್ನು ನಾನು ಎಂದೂ ಒಪ್ಪಿದವಳಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ಅಮ್ಮನಿಗೆ ಅದೊಂದೇ ರಜೆ. "ದೇವರು ದೊಡ್ಡವನು ಕಣೆ, ನನಗೆ ತಲೆನೋವು ಬರೋದು ಹೆಚ್ಚಾಗಿ ಆ ಮೂರು ದಿನದಲ್ಲೇ. ಒಳಗಿದ್ದಾಗ ಬಂದಿದ್ದರೆ ಗತಿ ಏನಿತ್ತು?" ಎನ್ನುತ್ತಿದ್ದಳು. ಅದು ದೇವರ ಕರುಣೆಯಲ್ಲ, ಅದೇ ಅವಳ ಕಾಯಿಲೆಯ ಗುರುತು ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಮುಟ್ಟಿನ ಮುಂಚೆ ದೇಹದಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ತಟ್ಟನೆ ಇಳಿಯುತ್ತದೆ. ಆ ಇಳಿತವೇ ಅನೇಕ ಹೆಂಗಸರಲ್ಲಿ ಮೈಗ್ರೇನನ್ನು ಎಬ್ಬಿಸುತ್ತದೆ. ಮೈ ನೆರೆಯುವುದಕ್ಕೆ ಮುಂಚೆ ಹುಡುಗ ಹುಡುಗಿಯರಲ್ಲಿ ಮೈಗ್ರೇನ್ ಹೆಚ್ಚುಕಡಿಮೆ ಸಮಸಮ. ಆಮೇಲೆ ಹೆಂಗಸರಲ್ಲಿ ಅದು ಎರಡರಷ್ಟು, ಮೂರರಷ್ಟು. ಅಮ್ಮನ 'ಪಿತ್ತ'ಕ್ಕೆ ಮೈಗ್ರೇನ್ ಎಂಬ ಹೆಸರಿತ್ತು. ಅರೆತಲೆನೋವು ಎಂಬ ಕನ್ನಡದ ಹೆಸರೂ ಇತ್ತು. ಆದರೆ ಕನ್ನಡ ಗೊತ್ತಿದ್ದವರೂ ಆ ಹೆಸರಿನಿಂದ ಅದನ್ನು ಕರೆಯಲಿಲ್ಲ.

ಇದು ಒಬ್ಬ ಅಮ್ಮನ ಕತೆಯಲ್ಲ. 2009ರಲ್ಲಿ ನಮ್ಮದೇ ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 2,329 ಜನರನ್ನು ತಲೆನೋವಿನ ಬಗ್ಗೆಯೇ ವಿಚಾರಿಸಿದರು. ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬಂದಿದ್ದವರು ನೂರಕ್ಕೆ 64 ಜನ. ಮೈಗ್ರೇನ್ ಇದ್ದವರು ನೂರಕ್ಕೆ 25, ಅಂದರೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಅದು ಸುಮಾರು ಎರಡು ಪಟ್ಟು. ಇನ್ನೊಂದು ವಿಷಯ ಗಮನಿಸಿ: ಪಟ್ಟಣಕ್ಕಿಂತ ಹಳ್ಳಿಯಲ್ಲೇ ಮೈಗ್ರೇನ್ ಹೆಚ್ಚು ಕಂಡಿತು. 'ಇವೆಲ್ಲ ಸಿಟಿ ಹೆಂಗಸರ ಟೆನ್ಷನ್ನು, ಕಂಪ್ಯೂಟರ್ ಮುಂದೆ ಕೂತು ಬರೋದು' ಎಂದು ನಮ್ಮ ಸೋದರಮಾವಂದಿರು ಮದುವೆಮನೆಯ ಊಟದ ಪಂಕ್ತಿಯಲ್ಲಿ ಭಾಷಣ ಮಾಡುವಾಗ ಈ ಮಾತನ್ನು ನೆನಪಿಟ್ಟುಕೊಂಡು ಹೇಳಿ. ಸೌದೆ ಒಲೆಯ ಮುಂದೆ ಕೂತವಳಿಗೆ ಯಾವ ಕಂಪ್ಯೂಟರು?

ಪ್ರಪಂಚದ ಲೆಕ್ಕ ಇದಕ್ಕಿಂತ ಖಾರವಾಗಿದೆ. ಮನುಷ್ಯರನ್ನು ಕೊಲ್ಲದೆ, ಆದರೆ ಬದುಕಲೂ ಬಿಡದೆ ಸತಾಯಿಸುವ ಕಾಯಿಲೆಗಳನ್ನು ಎಣಿಸಿದ 2019ರ ಜಾಗತಿಕ ಲೆಕ್ಕದಲ್ಲಿ ಮೈಗ್ರೇನಿಗೆ ಎರಡನೆಯ ಸ್ಥಾನ. ಐವತ್ತರೊಳಗಿನ ಹೆಂಗಸರನ್ನಷ್ಟೇ ತೆಗೆದುಕೊಂಡರೆ ಮೊದಲನೆಯ ಸ್ಥಾನ. ಇದನ್ನೇ ನಾವು 'ತಾನೆ' ಎನ್ನುವುದು.

ನನಗೆ ಅದು ಹದಿನಾರನೆಯ ವಯಸ್ಸಿಗೆ ಬಂತು. ಅಮ್ಮನಿಂದ ಮಗಳಿಗೆ ಬರುವುದು ಈ ಕಾಯಿಲೆಯ ಸ್ವಭಾವವೇ. ಮೊದಲು ಕನ್ನಡಕ ಹಾಕಿಸಿದರು. ಎರಡು ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಯಿತು, ತಲೆನೋವು ಬದಲಾಗಲಿಲ್ಲ. ಆಮೇಲೆ ಒಬ್ಬ ವೈದ್ಯರು ಸೈನಸ್ ಎಂದರು. ಎಕ್ಸ್‌ರೇ, ಹಬೆ, ಆಂಟಿಬಯಾಟಿಕ್. ಇನ್ನೊಬ್ಬರು ದವಡೆಹಲ್ಲು ಕೀಳಿಸಿದರು. ಒಳ್ಳೆಯ ಹಲ್ಲು ಅದು, ಈಗಲೂ ಅಗಿಯುವಾಗ ನೆನಪಾಗುತ್ತದೆ. ಈ 'ಸೈನಸ್' ಎಂಬ ಮೋಸದ ಬಗ್ಗೆ ಒಂದು ಮಾತು. 2004ರಲ್ಲಿ ಅಮೆರಿಕದಲ್ಲಿ, ತಮಗಿರುವುದು ಸೈನಸ್ ತಲೆನೋವೇ ಎಂದು ನಂಬಿದ್ದ ಸುಮಾರು 3,000 ಜನರನ್ನು ಸರಿಯಾಗಿ ಪರೀಕ್ಷಿಸಿದಾಗ ನೂರಕ್ಕೆ 88 ಜನರದು ಮೈಗ್ರೇನ್ ಜಾತಿಯದೇ ಆಗಿತ್ತು. ಮೈಗ್ರೇನಿನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಹಾಗಾಗಿ ನಾವೂ ಮೋಸಹೋಗುತ್ತೇವೆ, ವೈದ್ಯರೂ ಮೋಸಹೋಗುತ್ತಾರೆ.

ಹಿರಿಯರ ಚಿಕಿತ್ಸೆ ಬೇರೆಯೇ ಇತ್ತು. "ಮದುವೆ ಆದ್ರೆ ಸರಿಹೋಗುತ್ತೆ." ಆಯಿತು, ಹೋಗಲಿಲ್ಲ. "ಒಂದು ಮಗು ಆಗಲಿ." ಎರಡಾಯಿತು. "ಮುಟ್ಟು ನಿಂತ ಮೇಲೆ ನೋಡು." ಹತ್ತು ಹತ್ತು ವರ್ಷಕ್ಕೊಂದು ವಾಯಿದೆ. ತಮಾಷೆಯೆಂದರೆ ಕೊನೆಯ ವಾಯಿದೆ ಮಾತ್ರ ಎಷ್ಟೋ ಹೆಂಗಸರ ಪಾಲಿಗೆ ನಿಜವಾಗುತ್ತದೆ. ಆದರೆ ಐವತ್ತು ವರ್ಷ ಕಾದು ಕೂರಿ ಎನ್ನುವುದನ್ನು ಚಿಕಿತ್ಸೆ ಎಂದು ಕರೆಯುತ್ತಾರೆಯೇ?

ಸರಿಯಾದ ವೈದ್ಯರನ್ನು ಯಾಕೆ ಹುಡುಕಲಿಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆಯಿಂದ ಲಾಲ್‌ಬಾಗು ದಾಟಿ ಆಚೆ ಹೋದರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್. ಮಿದುಳು ನರಗಳ ಕಾಯಿಲೆಗೆ ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಆದರೆ ಅದು 1974ರಲ್ಲಿ ಹುಟ್ಟಿದ್ದು ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಒಳಗೊಂಡು. ನಮ್ಮ ಬೀದಿಯವರ ಬಾಯಲ್ಲಿ ಅದಕ್ಕೆ ಉಳಿದ ಹೆಸರು 'ಹುಚ್ಚಾಸ್ಪತ್ರೆ'. ನನ್ನಪ್ಪನಿಗೆ ಯಾರೋ ಸಲಹೆ ಕೊಟ್ಟಾಗ ಅವರು ಮೆಲ್ಲಗೆ ಹೇಳಿದ ಮಾತು ನನಗೆ ಕೇಳಿಸಿತು: "ಹುಡುಗಿಗೆ ಸಂಬಂಧ ನೋಡ್ತಾ ಇದ್ದೀವಿ. ಅಲ್ಲಿ ಚೀಟಿ ಮಾಡಿಸಿದ್ದು ಯಾರಿಗಾದ್ರೂ ಗೊತ್ತಾದ್ರೆ?" ಅಪ್ಪ ಕೆಟ್ಟವರಲ್ಲ. ಆದರೆ ಆ ಒಂದು ಮಾತಿನಿಂದ ನನಗೆ ಹದಿನೆಂಟು ವರ್ಷ ಹೋಯಿತು. ಇವತ್ತಿಗೂ ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರು ಹೀಗೆ ಪಿಸುಗುಟ್ಟುತ್ತಿದ್ದಾರೆ. ಮೈಗ್ರೇನ್ ಹುಚ್ಚಲ್ಲ. ಹುಚ್ಚಾಗಿದ್ದರೂ ಆಸ್ಪತ್ರೆಗೆ ಹೋಗುವುದರಲ್ಲಿ ನಾಚಿಕೆ ಏನು ಎಂಬುದು ಇನ್ನೊಂದು ಜಗಳ, ಅದನ್ನು ಬೇರೆ ದಿನ ಆಡೋಣ.

ಈ ಹದಿನೆಂಟು ವರ್ಷ ನಾನು ಸುಮ್ಮನಿರಲಿಲ್ಲ, ಮಾತ್ರೆ ನುಂಗಿದೆ. ನಾನು ಒಂದು ಬ್ಯಾಂಕಿನಲ್ಲಿ ಕ್ಯಾಷಿಯರ್. ಕ್ಯಾಷ್ ಡ್ರಾದಲ್ಲಿ ನೋಟಿನ ಕಟ್ಟುಗಳ ಪಕ್ಕ ಒಂದು ಮಾತ್ರೆ ಶೀಟು ಯಾವಾಗಲೂ ಇರುತ್ತಿತ್ತು. ಎರಡು ಮೂರು ಔಷಧ ಕಲಸಿ ಮಾಡಿದ, ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಮಾತ್ರೆ. ತಿಂಗಳಿಗೆ ಮೂರಿದ್ದದ್ದು ಎಂಟಾಯಿತು, ಹದಿನೈದಾಯಿತು. ಕೊನೆಕೊನೆಗೆ ತಲೆನೋವು ಬರಬಹುದು ಎಂಬ ಭಯಕ್ಕೇ ಬೆಳಿಗ್ಗೆ ಒಂದು ನುಂಗಿ ಬಸ್ಸು ಹತ್ತುತ್ತಿದ್ದೆ. ಆಗ ಬರುತ್ತಿದ್ದುದು ಹಳೆಯ ತಲೆನೋವಲ್ಲ. ದಿನಾ, ಇಡೀ ತಲೆಗೆ, ಮಂಕಾಗಿ, ಎದ್ದಾಗಿನಿಂದಲೇ. ಕಡೆಗೊಮ್ಮೆ ಸಿಕ್ಕ ನರರೋಗದ ವೈದ್ಯೆ ಕೇಳಿದ ಮೊದಲ ಪ್ರಶ್ನೆ, "ತಿಂಗಳಿಗೆ ಎಷ್ಟು ದಿನ ಮಾತ್ರೆ ತೆಗೆದುಕೊಳ್ಳುತ್ತೀರಿ?" ನಾನು "ಅಪರೂಪಕ್ಕೆ" ಎಂದೆ. ಅವರು ನಕ್ಕು, "ಮುಂದಿನ ತಿಂಗಳು ಎಣಿಸಿಕೊಂಡು ಬನ್ನಿ" ಎಂದರು. ಎಣಿಸಿದೆ. ಇಪ್ಪತ್ತೆರಡು ದಿನ. ಜನರ ದುಡ್ಡು ಎಣಿಸುವಾಗ ಒಂದು ರೂಪಾಯಿ ತಪ್ಪದವಳಿಗೆ ತನ್ನ ಮಾತ್ರೆಯ ಲೆಕ್ಕ ಗೊತ್ತಿರಲಿಲ್ಲ.

ತಲೆನೋವಿಗೆ ತೆಗೆದುಕೊಂಡ ಮಾತ್ರೆಯೇ ತಲೆನೋವು ತರುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಅದಕ್ಕೂ ವೈದ್ಯಶಾಸ್ತ್ರದಲ್ಲಿ ಹೆಸರಿದೆ, ಲೆಕ್ಕವಿದೆ. ಪ್ಯಾರಾಸಿಟಮಾಲ್‌ನಂಥ ಸಾದಾ ನೋವಿನ ಮಾತ್ರೆಯಾದರೆ ತಿಂಗಳಿಗೆ 15 ದಿನ, ಕಲಸಿದ ಮಾತ್ರೆ ಅಥವಾ ಮೈಗ್ರೇನಿನ ವಿಶೇಷ ಮಾತ್ರೆಯಾದರೆ 10 ದಿನ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಈ ಗೆರೆ ದಾಟುತ್ತಿದ್ದರೆ ಮಾತ್ರೆಯೇ ಕಾಯಿಲೆಯಾಗುತ್ತದೆ. ಬಿಡಬೇಕು, ವೈದ್ಯರನ್ನು ಕೇಳಿ ಬಿಡಬೇಕು. ನಾನು ಬಿಟ್ಟ ಮೊದಲ ಹತ್ತು ದಿನ ನರಕ. ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಎದ್ದು ಹಾಲು ಕಾಯಿಸುವಾಗ, ಏನೋ ಮರೆತಂತೆ ಅನ್ನಿಸಿತು. ತಲೆ ನೋಯುತ್ತಿರಲಿಲ್ಲ.

ಹಾಗಾದರೆ ಯಾವ ತಲೆನೋವು ಯಾವುದು? ಮಿಡಿಯುವ ನೋವು, ಹೆಚ್ಚಾಗಿ ಒಂದು ಕಡೆ, ಓಕರಿಕೆ, ಬೆಳಕು ಶಬ್ದ ಸಹಿಸಲಾಗದೆ ಕತ್ತಲ ಕೋಣೆ ಹುಡುಕುವಂತಾಗುವುದು, ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಎಳೆಯುವುದು, ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುವುದು ಮೈಗ್ರೇನ್. ತಲೆಗೆ ಪಟ್ಟಿ ಬಿಗಿದಂತೆ ಎರಡೂ ಕಡೆ ಅದುಮುವುದು, ಆದರೆ ಕೆಲಸ ಮಾಡಿಕೊಂಡು ಹೋಗಬಹುದಾದದ್ದು ಟೆನ್ಷನ್ ತಲೆನೋವು. ಈ ಹೆಸರು ಕೇಳಿ 'ಮನಸ್ಸಿನದು' ಎಂದುಕೊಳ್ಳಬೇಡಿ. ಒಂದು ಕಣ್ಣಿನ ಸುತ್ತ ಚೂರಿಯಿಂದ ಇರಿದಂತೆ, ದಿನಾ ಅದೇ ಹೊತ್ತಿಗೆ, ಕಣ್ಣು ಕೆಂಪಾಗಿ ನೀರು ಸುರಿದು, ಕೂರಲಾಗದೆ ಶತಪಥ ಹಾಕಿಸುವುದು ಕ್ಲಸ್ಟರ್ ತಲೆನೋವು. ಅದು ಗಂಡಸರಲ್ಲೇ ಹೆಚ್ಚು, ಅದಕ್ಕೆ ಮಾಸ್ಕ್ ಹಾಕಿ ಆಮ್ಲಜನಕ ಕೊಡುತ್ತಾರೆ. ಈ ನೋವು ಬಂದ ಗಂಡಸಿಗೆ ಯಾರೂ 'ಕಾಫಿ ಕುಡಿ' ಎನ್ನುವುದಿಲ್ಲ ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ನಮ್ಮ ಹೆಂಗಸರ ಮೈಗ್ರೇನಿಗೆ ಕಾರಣಗಳು ಪುಸ್ತಕದಲ್ಲಿ ಬರೆದ ಚೀಸು, ವೈನು, ಚಾಕಲೇಟುಗಳಲ್ಲ. ನಮ್ಮವು ಏಕಾದಶಿಯ ಉಪವಾಸ, ಹಬ್ಬದ ದಿನ ನೈವೇದ್ಯವಾಗುವವರೆಗೆ ಹೊಟ್ಟೆಗೆ ಏನೂ ಇಲ್ಲದಿರುವುದು, ಊದುಬತ್ತಿಯ ಹೊಗೆ, ತುಂಬಿದ ಬಸ್ಸಿನಲ್ಲಿ ಮುಡಿದ ಮಲ್ಲಿಗೆಯ ವಾಸನೆ, ಮೊಬೈಲು ಹಿಡಿದು ಕೂತ ರಾತ್ರಿ ನಿದ್ದೆಗೆಟ್ಟದ್ದು. ಇವೆಲ್ಲದರ ಮೇಲೆ ತಲೆಸ್ನಾನ. 'ತಲೆಗೆ ನೀರು ಹಾಕಿಕೊಂಡರೆ ತಲೆನೋವು ಬರುತ್ತೆ' ಎಂದು ಅಮ್ಮ ಹೇಳಿದಾಗ ಡಾಕ್ಟರು ನಗುತ್ತಿದ್ದರು. ಮುಂಬಯಿಯ ಡಾ. ರವಿಶಂಕರ್ ಎಂಬ ತಲೆನೋವು ತಜ್ಞರು ನಗಲಿಲ್ಲ, ಕೇಳಿ ಬರೆದುಕೊಂಡರು. ತಲೆಸ್ನಾನದಿಂದ ಮೈಗ್ರೇನ್ ಬರುವ 94 ಭಾರತೀಯರ ವಿವರವನ್ನು 2006ರಲ್ಲಿ ಅಂತರರಾಷ್ಟ್ರೀಯ ತಲೆನೋವು ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾವಿರಾರು ಅಡಿಗೆಮನೆಗಳಲ್ಲಿ ಗೊತ್ತಿದ್ದ ಮಾತು ಕಿವಿಗೊಟ್ಟವರೊಬ್ಬರು ಸಿಕ್ಕಿದ ಮೇಲೆ ಶಾಸ್ತ್ರವಾಯಿತು.

ಕಿವಿಗೊಡದಿದ್ದರೆ ಏನಾಗುತ್ತದೆ? ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಲೇಬೇಕು.

1987. ನನ್ನ ಚಿಕ್ಕಮ್ಮನ ಮಗಳು ಬಾಣಂತನಕ್ಕೆ ಗವಿಪುರದ ತವರಿಗೆ ಬಂದಿದ್ದಳು. ಹೆರಿಗೆ ಸಲೀಸು, ಹೆಣ್ಣು ಮಗು. ನಾಮಕರಣ ಆದ ಮಾರನೆ ದಿನ "ತಲೆ ಸಿಡೀತಿದೆ" ಎಂದಳು. ಕಿವಿಗೆ ಹತ್ತಿ, ತಲೆಗೆ ಮಫ್ಲರು, ಹಣೆಗೆ ಒಣಶುಂಠಿ ಪಟ್ಟು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಎಂದು ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕೊಡುತ್ತಿರಲಿಲ್ಲ. ಬಾಯಾರಿಕೆ ಎಂದು ಅವಳು ಅತ್ತದ್ದಕ್ಕೆ ನಾನೇ ಸಾಕ್ಷಿ. ನಾನೂ ಆ ಹೊತ್ತಿಗೆ ಒಂದು ಮಗುವಿನ ತಾಯಿ, ನನ್ನ ಡ್ರಾದಲ್ಲಿದ್ದ ಅದೇ ಮಾತ್ರೆ ಕೊಟ್ಟು ಬಂದೆ. "ನಿದ್ದೆಗೆಟ್ಟಿದ್ದೀಯ, ತಲೆನೋವು ತಾನೆ" ಎಂದೆ. ಹೌದು, ನಾನೇ ಅಂದದ್ದು. ನಾಲ್ಕು ದಿನ ನೋವು ಏರುತ್ತಲೇ ಹೋಯಿತು, ವಾಂತಿ ಶುರುವಾಯಿತು. ಐದನೆಯ ದಿನ ಫಿಟ್ಸ್ ಬಂತು. ದೊಡ್ಡಮ್ಮ 'ಸನ್ನಿ ಹಿಡೀತು' ಎಂದು ನಿವಾಳಿಸಲು ಕೂತರು. ಆಸ್ಪತ್ರೆ ಸೇರುವ ಹೊತ್ತಿಗೆ ಎಡಗೈ ಬಿದ್ದುಹೋಗಿತ್ತು. ಮಿದುಳಿನಿಂದ ರಕ್ತ ಹೊತ್ತು ತರುವ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಅವಳು ಬದುಕಿದಳು. ಮಗಳಿಗೆ ಜಡೆ ಹಾಕುವಾಗ ಒಂದು ಕಾಲನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಉಳಿದ ಎರಡನ್ನು ಬಲಗೈಯಲ್ಲಿ ಹೆಣೆಯುತ್ತಿದ್ದಳು.

ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಮೈಯಲ್ಲಿ ನೀರಿಲ್ಲದಿದ್ದರೆ ಇನ್ನೂ ಅಪಾಯ. ಈ ಕಾಯಿಲೆಯನ್ನು ಎಷ್ಟೋ ವರ್ಷ ಬೆನ್ನುಹತ್ತಿ ಅಭ್ಯಾಸ ಮಾಡಿದವರಲ್ಲಿ ನಮ್ಮ ನಿಮ್ಹಾನ್ಸಿನ ವೈದ್ಯರೇ ಮುಖ್ಯರು. ಡಾ. ಡಿ. ನಾಗರಾಜ ಮತ್ತು ಅವರ ಸಂಗಡಿಗರು 57 ಬಾಣಂತಿಯರಲ್ಲಿ ಹೆಪಾರಿನ್ ಚಿಕಿತ್ಸೆಯನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು. ಬೇಗ ಗುರುತಿಸಿದರೆ ಇದು ವಾಸಿಯಾಗುವ ಕಾಯಿಲೆ. ಬೇಗ ಗುರುತಿಸಲು ಬೇಕಾದ್ದು ಇಷ್ಟೇ: ಬಾಣಂತಿ ತಲೆನೋವು ಎಂದಾಗ ಯಾರೂ 'ತಾನೆ' ಎನ್ನಬಾರದು. ಮೂರು ವರ್ಷದ ಹಿಂದೆ ನಮ್ಮ ಸೊಸೆಯ ಬಾಣಂತನದಲ್ಲಿ ಮಂಚದ ಪಕ್ಕ ತಾಮ್ರದ ಚೊಂಬಿನಲ್ಲಿ ನೀರಿಟ್ಟೆ. ನಮ್ಮ ಅತ್ತಿಗೆಯವರು ಎರಡು ಸಲ ಎತ್ತಿ ಒಳಗಿಟ್ಟರು. ಮೂರನೆಯ ಸಲ ನಾನು ಗವಿಪುರದ ಜಡೆಯ ಕತೆ ಹೇಳಿದೆ. ಆಮೇಲೆ ಅವರೇ ತುಂಬಿಸಿಡತೊಡಗಿದರು.

ಇನ್ನು ಕೆಲವು ತಲೆನೋವುಗಳಿಗೂ ಹೀಗೆಯೇ ಓಡಬೇಕು. ಸಿಡಿಲು ಬಡಿದಂತೆ ಒಂದೇ ಕ್ಷಣದಲ್ಲಿ ಜೀವಮಾನದಲ್ಲೇ ಕಾಣದ ನೋವು. ಜ್ವರದ ಜೊತೆ ಕತ್ತು ಬಿಗಿಯುವುದು. ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಹೋಗುವುದು. ತಲೆಗೆ ಪೆಟ್ಟು ಬಿದ್ದ ಮೇಲೆ ಬಂದದ್ದು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದದ್ದು. ಬಸುರಿಯಲ್ಲಿ ರಕ್ತದೊತ್ತಡದೊಡನೆ ಬಂದದ್ದು. ಇವು ಬಾಮು ಹಚ್ಚಿ ಕಾಯುವ ನೋವುಗಳಲ್ಲ.

ಉಳಿದ ಮೈಗ್ರೇನಿಗೆ ಚಿಕಿತ್ಸೆ ಇದೆ, ಅದೂ ದುಬಾರಿಯಲ್ಲದ್ದು. ನೋವು ಶುರುವಾಗುವಾಗಲೇ, ವಾಂತಿಯಾಗುವ ಮುಂಚೆಯೇ, ಸರಿಯಾದ ಪ್ರಮಾಣದಲ್ಲಿ ನೋವಿನ ಮಾತ್ರೆ. ಅದಕ್ಕೆ ಬಗ್ಗದಿದ್ದರೆ ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಎಂಬ ಮೈಗ್ರೇನಿನದೇ ಮಾತ್ರೆಗಳು. ಹೃದಯದ ತೊಂದರೆ ಇದ್ದವರಿಗೆ ಇವು ಕೂಡದು. ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಬರುತ್ತಿದ್ದರೆ ಬರದಂತೆ ತಡೆಯಲೆಂದೇ ದಿನಾ ತೆಗೆದುಕೊಳ್ಳುವ ಔಷಧಗಳಿವೆ: ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೋಪಿರಮೇಟ್. ಆಸ್ತಮಾ ಇದ್ದವಳಿಗೆ ಮೊದಲನೆಯದು ಬೇಡ. ಮಗುವಾಗುವ ವಯಸ್ಸಿನವಳು ಟೋಪಿರಮೇಟ್, ವಾಲ್‌ಪ್ರೊಯೇಟ್ ಎಂಬ ಹೆಸರು ಚೀಟಿಯಲ್ಲಿ ಕಂಡರೆ 'ಬಸುರಿಗೆ ಇದರಿಂದ ಏನು ಅಪಾಯ?' ಎಂದು ಬಾಯಿಬಿಟ್ಟು ಕೇಳಬೇಕು. ನೋವಿಗೆ ಮುಂಚೆ ಕಣ್ಣಮುಂದೆ ಅಂಕುಡೊಂಕು ಮಿಂಚಿನ ಗೆರೆ ಕಾಣುವವಳು, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆ ಶುರುಮಾಡುವ ಮುಂಚೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಆ ಎರಡೂ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಈ ಮಾತುಗಳನ್ನೆಲ್ಲ ಐದು ನಿಮಿಷದಲ್ಲಿ ರೋಗಿಯನ್ನು ಎಬ್ಬಿಸಿ ಕಳಿಸುವ ವೈದ್ಯರು ತಾವಾಗಿ ಹೇಳುವುದಿಲ್ಲ. ನಾವು ಕೇಳದಿದ್ದರೆ ಅವರಿಗೂ ಅನುಕೂಲ.

ಡಾ. ಅನುಪಮಾ ನಿರಂಜನ ಅವರು ಹೆಂಗಸರ ದೇಹದ ಬಗ್ಗೆ ಸಂಕೋಚವಿಲ್ಲದೆ ಕನ್ನಡದಲ್ಲಿ ಬರೆದು, ಒಂದು ತಲೆಮಾರಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದರು. ನಾವು ಆ ಪುಸ್ತಕಗಳನ್ನು ಮದುವೆಗೆ ಉಡುಗೊರೆ ಕೊಟ್ಟೆವು, ಓದಿದೆವು. ಡಾಕ್ಟರ ಮುಂದೆ ಕೂತಾಗ ಮಾತ್ರ ಪಕ್ಕದಲ್ಲಿದ್ದ ಗಂಡನ ಮುಖ ನೋಡಿದೆವು. "ಇವಳಿಗೆ ಆಗಾಗ ತಲೆನೋವು ಸಾರ್" ಎಂದು ಅವರು ಹೇಳಿದರೆ ಅಲ್ಲಿಗೆ ಮುಗಿಯಿತು. 'ಆಗಾಗ' ಅಂದರೆ ಎಷ್ಟು?

ನಮ್ಮ ಕಡೆಯ ಅಡಿಗೆಮನೆಗಳಲ್ಲಿ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ತೂಗುತ್ತಿರುತ್ತದಲ್ಲ, ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು, ಕೆಲಸದವಳು ಬಾರದ ದಿನ ಎಲ್ಲ ಬರೆದಿರುತ್ತೇವೆ. ಅದರಲ್ಲೇ ತಲೆನೋವು ಬಂದ ದಿನಕ್ಕೊಂದು ಕತ್ತರಿ ಗುರುತು, ಮಾತ್ರೆ ತೆಗೆದುಕೊಂಡರೆ ಪಕ್ಕದಲ್ಲಿ ಒಂದು ಚುಕ್ಕೆ, ಮುಟ್ಟಾದ ದಿನಕ್ಕೊಂದು ಸುತ್ತು ಹಾಕಿ. ಮೂರು ತಿಂಗಳ ಹಾಳೆಗಳನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಹರಡಿ. ಗಂಡ ಬಾಯಿ ತೆರೆಯುವ ಮುಂಚೆ ಹರಡಿ. ನನ್ನದನ್ನು ನೋಡಿದ ಆ ವೈದ್ಯೆ ಹಾಲಿನ ಲೆಕ್ಕವನ್ನೂ ಓದಿ, "ದಿನಾ ಎರಡು ಲೀಟರ್ ಯಾಕ್ರೀ, ಮನೆಯಲ್ಲಿ ಎಷ್ಟು ಜನ?" ಎಂದರು. ಆಮೇಲೆ ಸುತ್ತುಗಳ ಪಕ್ಕದಲ್ಲೇ ಬಿದ್ದಿದ್ದ ಕತ್ತರಿಗಳ ಮೇಲೆ ಪೆನ್ನಿಟ್ಟು, "ನಿಮ್ಮ ತಾಯಿಗೂ ಹೀಗೇ ಬರುತ್ತಿತ್ತೇ?" ಎಂದು ಕೇಳಿದರು.